ಬೆಕ್ಕಿನ ಕಣ್ಣಿನ ಬೆಣಚುಕಲ್ಲು: ಪರೀಕ್ಷೆ ಮತ್ತು ದಾಸ್ತಾನಿನ ಮೌಲ್ಯ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿಯ ಯಾವ ವರ್ತಕರೂ ಗೊರಬಲು ಅಡಿಕೆಗೆ ಸರಕಿನ ಧಾರಣೆ ಕೊಡುವುದಿಲ್ಲ. ಹರಳಿನ ವ್ಯಾಪಾರದಲ್ಲಿಯೂ ಅದೇ ಎಚ್ಚರಿಕೆ ಅವಶ್ಯಕ. ಕೇತುವಿನ ರತ್ನವೆನಿಸಿದ ವೈಡೂರ್ಯವು ಕ್ರಿಸೊಬೆರಿಲ್ ಎಂಬ ಖನಿಜ. ಅದರಂತೆಯೇ ನಡುವೆ ಬೆಳಕಿನ ಗೆರೆ ತೋರುವ ಬೆಣಚುಕಲ್ಲು, ಅರ್ಥಾತ್ ಕ್ವಾರ್ಟ್ಜ್, ಬಹಳ ಅಗ್ಗದ್ದು.

ಹರಳಿನೊಳಗೆ ಕೂದಲಿಗಿಂತ ಸೂಕ್ಷ್ಮವಾದ ಎಳೆಗಳು ಸಮಾನಾಂತರವಾಗಿ ಇದ್ದಾಗ ಬೆಳಕು ಅವುಗಳಿಗೆ ಅಡ್ಡಲಾಗಿ ಒಂದೇ ಗೆರೆಯಾಗಿ ಪ್ರತಿಫಲಿಸುತ್ತದೆ. ಮೇಲ್ಮೈಯನ್ನು ಗುಮ್ಮಟದಂತೆ ತಿದ್ದಿದಾಗ ಈ ಗೆರೆ ಸ್ಫುಟವಾಗುತ್ತದೆ. ಹರಳನ್ನು ಹೊರಳಿಸಿದರೆ ಗೆರೆಯೂ ಸರಿಯುತ್ತದೆ. ದಕ್ಷಿಣ ಆಫ್ರಿಕಾದಿಂದ ಬರುವ ಕಂದು-ಹೊನ್ನಿನ ಬಣ್ಣದ ಟೈಗರ್ ಐ ಕೂಡ ಬೆಣಚುಕಲ್ಲಿನ ಜಾತಿಯೇ. ಗೆರೆಯೊಂದನ್ನೇ ನಂಬಿ ವೈಡೂರ್ಯವೆಂದು ನಿರ್ಧರಿಸುವಂತಿಲ್ಲ.

ಸಾಂದ್ರತೆಯ ಪರೀಕ್ಷೆ ಸುಲಭ. ಒಡವೆಗೆ ಕೂರಿಸದ ಬಿಡಿ ಹರಳನ್ನು ಮೊದಲು ಗಾಳಿಯಲ್ಲಿ, ಅನಂತರ ದಾರದಲ್ಲಿ ತೂಗುಬಿಟ್ಟು ನೀರಿನಲ್ಲಿ ತೂಗಬೇಕು. ಗಾಳಿಯ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಬೆಣಚುಕಲ್ಲಿಗೆ ಅದು ಸುಮಾರು 2.65, ಕ್ರಿಸೊಬೆರಿಲ್‌ಗೆ ಸುಮಾರು 3.73. 10.60 ಕ್ಯಾರೆಟ್ಟಿನ ಬೆಣಚುಕಲ್ಲು ನೀರಿನಲ್ಲಿ 6.60 ಕ್ಯಾರೆಟ್ ತೂಗಿದರೆ, ಅಷ್ಟೇ ತೂಕದ ವೈಡೂರ್ಯ 7.76 ಕ್ಯಾರೆಟ್ ತೂಗುತ್ತದೆ. ಹರಳಿಗೆ ಅಂಟಿದ ಗಾಳಿಗುಳ್ಳೆಗಳನ್ನು ಮೊದಲೇ ತೆಗೆಯಬೇಕು.

ಗಾಜಿನ ಎಳೆಗಳಿಂದ ಮಾಡಿದ ನಕಲಿಯೂ ಮಾರುಕಟ್ಟೆಯಲ್ಲುಂಟು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಪಕ್ಕದಿಂದ ನೋಡಿದರೆ ಜೇನುಗೂಡಿನಂಥ ವಿನ್ಯಾಸ ಕಾಣುವುದು ಇದರ ಲಕ್ಷಣ. ಕಾಠಿಣ್ಯದ ಮಾನದಲ್ಲಿ ಬೆಣಚುಕಲ್ಲು 7, ಕ್ರಿಸೊಬೆರಿಲ್ 8.5, ಆದರೆ ಮಾರಾಟದ ಹರಳನ್ನು ಗೀಚಿ ನೋಡುವುದು ತರವಲ್ಲ. ಬೆಲೆಬಾಳುವ ಹರಳಿಗೆ ಜೈಪುರದಂಥ ಕೇಂದ್ರಗಳಲ್ಲಿರುವ ರತ್ನ ಪರೀಕ್ಷಾಲಯದ ಪ್ರಮಾಣಪತ್ರ ಪಡೆಯುವುದೇ ಲೇಸು.

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ಪರೀಕ್ಷೆ ಮುಖ್ಯ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಖರೀದಿ ವೆಚ್ಚ ಅಥವಾ ಮಾರಾಟದಿಂದ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ವೈಡೂರ್ಯವೆಂದು 20,000 ರೂಪಾಯಿಗೆ ಕೊಂಡ ಹರಳು ಬೆಣಚುಕಲ್ಲಾಗಿದ್ದು, ಅದರಿಂದ 2,000 ರೂಪಾಯಿ ಮಾತ್ರ ಬರುವುದೆಂದು ಭಾವಿಸಿದರೆ, ಉಳಿದ 18,000 ರೂಪಾಯಿ ಆ ವರ್ಷದ ನಷ್ಟ. ಅದನ್ನು ಮುಚ್ಚಿಟ್ಟರೆ ಲಾಭವೂ ಬಂಡವಾಳವೂ ಹುಸಿಯಾಗಿ ಹಿಗ್ಗುತ್ತವೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ತಪ್ಪಾಗುತ್ತದೆ.

ಬೆಣಚುಕಲ್ಲನ್ನು ಮಾರುವುದು ತಪ್ಪಲ್ಲ. ಹೆಸರು ಬದಲಿಸಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಆದುದರಿಂದ ಖರೀದಿಯ ಬಿಲ್ಲಿನಲ್ಲಿಯೂ ಮಾರಾಟದ ಬಿಲ್ಲಿನಲ್ಲಿಯೂ ‘ಕ್ಯಾಟ್ಸ್ ಐ’ ಎಂದಷ್ಟೇ ಬರೆಯದೆ, ಖನಿಜದ ಹೆಸರು ಹಾಗೂ ತೂಕವನ್ನು ನಮೂದಿಸುವುದು ವರ್ತಕರಿಗೆ ಕ್ಷೇಮಕರ.