ಹೋಗಲೊಲ್ಲದ ಪ್ಯಾಕೇಜ್

ಉಬುಂಟು, ಡೆಬಿಯನ್ ಬಳಸುವವರಿಗೆ ಒಂದಲ್ಲ ಒಂದು ದಿನ ಈ ಪೇಚು ಎದುರಾಗುತ್ತದೆ: ಯಾವುದೋ ಪ್ಯಾಕೇಜ್ ಅತ್ತ ಅಪ್‌ಗ್ರೇಡೂ ಆಗದು, ಇತ್ತ ತೆಗೆಯಲೂ ಬಾರದು. ಅದರ ದೆಸೆಯಿಂದ ಉಳಿದ ಅಪ್‌ಡೇಟ್‌ಗಳೂ ನಿಂತುಬಿಡುತ್ತವೆ. ಹಾಗಂತ ಇಡೀ ಸಿಸ್ಟಮ್ಮನ್ನೇ ಹೊಸದಾಗಿ ಹಾಕಲು ಹೊರಡಬೇಡಿ.

ಅರ್ಧಕ್ಕೆ ನಿಂತದ್ದನ್ನೆಲ್ಲ ಮುಗಿಸು ಎಂದು ಮೊದಲು ಪ್ಯಾಕೇಜ್ ಹಾಕುವ, ತೆಗೆಯುವ ಕೆಲಸ ಮಾಡುವ ಡಿಪಿಕೆಜಿಗೆ ಹೇಳಿ; ಅದಕ್ಕೆ ಕಾನ್ಫಿಗರ್ ಆಯ್ಕೆಯಿದೆ. ಬಳಿಕ ಆ್ಯಪ್ಟ್‌ನ ಫಿಕ್ಸ್ ಬ್ರೋಕನ್ ಆಯ್ಕೆ ಬಳಸಿ. ಇನ್‌ಸ್ಟಾಲ್ ನಡುವೆ ಕರೆಂಟು ಹೋಗಿ ಕೆಟ್ಟಿದ್ದರೆ ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ.

ಸರಿಹೋಗದಿದ್ದರೆ ಎರರ್ ಸಂದೇಶವನ್ನು ಮೊದಲಿನಿಂದ ಓದಿ. ನಾವೆಲ್ಲ ಕೊನೆಯ ಸಾಲನ್ನಷ್ಟೇ ನೋಡುವವರು, ಸುಳಿವು ಇರುವುದು ಮೇಲೆ! ಎಷ್ಟೋ ಪ್ಯಾಕೇಜ್‌ಗಳು ತಮ್ಮದೇ ಪುಟ್ಟ ಸ್ಕ್ರಿಪ್ಟ್‌ಗಳನ್ನು ಹೊತ್ತು ಬರುತ್ತವೆ. ತೆಗೆಯುವ ಮುನ್ನ ಓಡುವುದು ಪ್ರೀಆರ್‌ಎಂ, ತೆಗೆದ ಮೇಲೆ ಪೋಸ್ಟ್‌ಆರ್‌ಎಂ. ಇವು ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಹಿಂದಿರುಗಿಸಿದರೆ ಡಿಪಿಕೆಜಿ ಮುಂದುವರಿಯದು. ಎಂದೋ ಅಳಿಸಿಹೋದ ಸರ್ವೀಸನ್ನು ನಿಲ್ಲಿಸಲು ಹೋಗಿ ಸ್ಕ್ರಿಪ್ಟ್ ಸೋಲುವುದು ಮಾಮೂಲಿ ಕಥೆ.

ವಾರ್ ಫೋಲ್ಡರ್, ಅದರಲ್ಲಿ ಲಿಬ್, ಡಿಪಿಕೆಜಿ, ಇನ್ಫೋ ಎಂದು ಒಳಗೊಳಗೆ ಹೋದರೆ ಪ್ಯಾಕೇಜಿನ ಹೆಸರಿನಲ್ಲೇ ಆ ಸ್ಕ್ರಿಪ್ಟ್ ಸಿಗುತ್ತದೆ. ನಕಲು ಇಟ್ಟುಕೊಳ್ಳಿ. ಎಡವುತ್ತಿರುವ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ, ಪ್ಯಾಕೇಜನ್ನು ಮತ್ತೆ ತೆಗೆದುನೋಡಿ. ಸ್ಕ್ರಿಪ್ಟನ್ನೇ ಅಳಿಸಿಬಿಡಿ ಎನ್ನುವವರೂ ಇದ್ದಾರೆ. ನನಗದು ಹಿಡಿಸದು, ಅದು ಗುಡಿಸಬೇಕಿದ್ದ ಕಸವೆಲ್ಲ ಹಾಗೇ ಉಳಿಯುತ್ತದೆ.

ಮೊದಲು ಮರಳಿ ಇನ್‌ಸ್ಟಾಲ್ ಮಾಡಿ ಎಂದು ಡಿಪಿಕೆಜಿಯೇ ಹಟ ಹಿಡಿದರೆ ಅದೇ ಆವೃತ್ತಿಯ ಡೆಬ್ ಫೈಲ್ ಹುಡುಕಿ ಹಾಕಿ, ಆಮೇಲೆ ತೆಗೆಯಿರಿ. ಫೈಲ್ ಎಲ್ಲೂ ಸಿಗದಿದ್ದರೆ ಮಾತ್ರ ಫೋರ್ಸ್ ಆಯ್ಕೆ. ಡಿಪಿಕೆಜಿಯ ಸ್ಟೇಟಸ್ ಫೈಲನ್ನು ಕೈಯಾರೆ ತಿದ್ದುವ ಗೋಜಿಗಂತೂ ಹೋಗಲೇಬೇಡಿ.