ಕದ್ದ ಹೊತ್ತಿನ ಲೆಕ್ಕ

ನಮ್ಮ ಹುಣಸೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ರಾಗಿಯೇ ದೇವರು. ಹೊಗೆಸೊಪ್ಪು ಬರೀ ದುಡ್ಡಿಗೆ. "ಮುಂದಿನ ವರ್ಷ ಬುಟ್ಬುಡ್ತೀನಿ ಕಣಪ್ಪ" ಅನ್ನುವವರೇ ಎಲ್ಲ. ಅವರ ವರ್ಷ ಹೇಗೆ ಕಳೆಯುತ್ತದೆ ಎಂದು ನೋಡಿದರೆ ಮಾತ್ರ ಕಥೆ ಬೇರೆ. ಶಿವರಾತ್ರಿ ಆಸುಪಾಸಿಗೆ ಸಸಿ ಮಡಿ, ಮೇ ತಿಂಗಳ ಮಳೆಗೆ ನಾಟಿ, ಜುಲೈಯಿಂದ ಸೊಪ್ಪು ಮುರಿಯುವುದು, ಬೇಯಿಸುವುದು, ಆಮೇಲೆ ಗ್ರೇಡು, ಬೇಲು, ಹರಾಜು. ಹರಾಜು ಮುಗಿಯುವಷ್ಟರಲ್ಲಿ ಮತ್ತೆ ಮಡಿಗೆ ಬೀಜ ಚೆಲ್ಲುವ ಕಾಲ. ದೇವರಂಥ ರಾಗಿಗೆ ಸಿಗುವುದು ಸಂದಿಯಲ್ಲಿ ಉಳಿದ ಹೊತ್ತು.

ಬಾಯಲ್ಲಿ ಹೇಳುವುದು ಬಿಡು, ಹೊತ್ತು ಎಲ್ಲಿ ಹೋಗುತ್ತದೋ ಮನಸ್ಸೂ ಅಲ್ಲೇ ಇರುತ್ತದೆ ಅನ್ನುತ್ತಾರಲ್ಲ, ಆ ಲೆಕ್ಕ ಹಿಡಿದರೆ ನಮ್ಮಪ್ಪನಿಗೆ ಲೋಕದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗಿಂತ ಪ್ರಿಯವಾದದ್ದು ಇನ್ನೊಂದಿರಲಿಲ್ಲ.

ಕಡ್ಡಿಗೆ ಕಟ್ಟಿದ ಸೊಪ್ಪನ್ನು ಬ್ಯಾರನ್ನಿನೊಳಗೆ ಸಾಲು ಮೇಲೆ ಸಾಲು ಏರಿಸಿ ಬಾಗಿಲು ಹಾಕಿದರೆ ಐದಾರು ದಿನ ಒಲೆ ಆರುವಂತಿಲ್ಲ. ಮೊದಲಿಗೆ ಒಳಗಿನ ಕಾವು 95 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ನಿಲ್ಲಬೇಕು, ಸೊಪ್ಪು ಹಣ್ಣಾಗಿ ಹಳದಿಗೆ ತಿರುಗಬೇಕು. ಬಣ್ಣ ನಿಂತ ಮೇಲೆ ಮೆಲ್ಲಗೆ ಏರಿಸುತ್ತಾ ಹೋದರೆ ಎಲೆಯ ನರ ಒಣಗುವ ಹೊತ್ತಿಗೆ 160. ಅವಸರಪಟ್ಟು ಸೌದೆ ತುರುಕಿದರೆ ಹಸಿರು ಹಸಿರಾಗೇ ಉಳಿಯುತ್ತದೆ. ತಡವಾದರೆ ಕಂದು. ಎರಡಕ್ಕೂ ಬೆಲೆಯಿಲ್ಲ. ಅದಕ್ಕೇ ಅಪ್ಪ ರಾತ್ರಿಯೆಲ್ಲ ಎದ್ದೆದ್ದು ಗೋಡೆಯ ಗಾಜಿನ ಕಿಂಡಿಗೆ ಟಾರ್ಚು ಹಿಡಿದು ಒಳಗಿನ ಥರ್ಮಾಮೀಟರು ನೋಡುತ್ತಿದ್ದರು. ಅಮ್ಮನ ಪಾಡು ಬೆಳಿಗ್ಗೆಯದು. ಇಬ್ಬನಿ ನೆನೆದ ಸೊಪ್ಪು ಮುರಿದ ದಿನ ತಲೆಸುತ್ತು, ವಾಂತಿ. ಎಲೆಯ ನಿಕೋಟಿನ್ ನೀರಿನ ಜೊತೆ ಚರ್ಮದೊಳಕ್ಕೆ ಇಳಿಯುತ್ತದೆ ಎಂಬುದು ಆಗ ಯಾರಿಗೆ ಗೊತ್ತು? ಪಿತ್ತ ಅಂದುಕೊಂಡು ನಿಂಬೆಹಣ್ಣು ಮೂಸುತ್ತಿದ್ದರು. ಸೋಪು ಹಾಕಿ ಉಜ್ಜಿದರೂ ಬಿಡದ ಅಂಟು ಕೈಯಲ್ಲಿ ಕಲಸಿದ ಅನ್ನವೂ ಕಹಿ.

ಇಷ್ಟೆಲ್ಲ ಆಗಿ ಹರಾಜಿನ ಪ್ಲಾಟ್‌ಫಾರಮ್ಮಿನಲ್ಲಿ ಒಂದು ಬೇಲಿನ ಹಣೆಬರಹ ತೀರ್ಮಾನವಾಗಲು ಒಂದು ನಿಮಿಷವೂ ಹಿಡಿಯುವುದಿಲ್ಲ. ತಂಬಾಕು ಮಂಡಳಿ 1976ರಲ್ಲಿ ಬಂತು, ನಮ್ಮಲ್ಲಿ ಹರಾಜು 1984ರಲ್ಲಿ. ಅದಕ್ಕೆ ಮುಂಚಿನ ಪಾಡು ಕಂಡವರು ಇದೇ ಎಷ್ಟೋ ವಾಸಿ ಅನ್ನುತ್ತಾರೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದಕ್ಕೆ ಸೇರಿದ ಮೇಲೆ ಪರ್ಯಾಯ ಬೆಳೆಯ ಮಾತು ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಸಭೆಗಳಲ್ಲೂ ಕೇಳಿಬಂತು. ರೈತರು ತಲೆಯಾಡಿಸಿದರು, ಮನೆಗೆ ಬಂದು ಮಡಿ ಮಾಡಿದರು. ಕಪಟವೇನಲ್ಲ. ಬೇರೆ ಯಾವ ಬೆಳೆಗೆ ಹೀಗೆ ಕೊಳ್ಳುವವರು ಸಾಲಾಗಿ ಬಂದು ನಿಲ್ಲುತ್ತಾರೆ? ಬ್ಯಾಂಕು ಯಾವುದನ್ನು ನಂಬಿ ಸಾಲ ಕೊಡುತ್ತದೆ? ಒಲೆ ಮುಂದಿನ ಆ ರಾತ್ರಿಗಳಲ್ಲಿ ಅಪ್ಪನ ಪ್ರೀತಿ ಎಷ್ಟಿತ್ತೋ, ಕಾಣುತ್ತಿದ್ದದ್ದು ಸಾಲದ ಕಂತು, ನಮ್ಮ ಕಾಲೇಜು ಫೀಸು.

ಈಗ ನನ್ನ ಫೋನು ವಾರಕ್ಕೊಮ್ಮೆ ಹೊತ್ತು ಎಲ್ಲಿ ಹೋಯಿತೆಂದು ವರದಿ ಒಪ್ಪಿಸುತ್ತದೆ. ಅದನ್ನು ನಂಬಿದರೆ ಆಫೀಸಿನ ಮೇಲ್‌ಗಳ ಮೇಲೆ ನನಗೆ ಮಹಾ ಮೋಹ.

ಮನುಷ್ಯನನ್ನು ಅಳೆಯಬೇಕಾದರೆ ಅವನು ಕದ್ದ ಹೊತ್ತನ್ನು ನೋಡಬೇಕು ಎಂದು ನನಗೆ ಕಲಿಸಿದ್ದು ಚುಂಚನಕಟ್ಟೆ ಜಾತ್ರೆ. ಕೆ.ಆರ್.ನಗರದ ಕಡೆ, ಕಾವೇರಿ ಧುಮುಕುವ ಜಾಗ. ಸಂಕ್ರಾಂತಿ ಆಸುಪಾಸಿಗೆ ಅಲ್ಲಿ ದನಗಳ ಜಾತ್ರೆ. ಗ್ರೇಡಿಂಗು, ಹರಾಜು ಎಲ್ಲ ಮೈಮೇಲೆ ಬಿದ್ದಿರುವ ಕಾಲವೂ ಅದೇ. ನಮ್ಮ ಸ್ಕೂಲಿನ ಕಡೆ ತಲೆ ಹಾಕಲೂ ಪುರುಸೊತ್ತಿಲ್ಲದ ಅಪ್ಪ ಅವತ್ತು ಬೇಲು ಕಟ್ಟುವುದನ್ನು ಬಿಟ್ಟು, ಅಮ್ಮನ ಬೈಗುಳ ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಮನೆಯಲ್ಲಿ ಮಾರುವ ಎತ್ತಿಲ್ಲ. ಕೊಳ್ಳುವ ದುಡ್ಡಿಲ್ಲ. ಉಳುವುದಕ್ಕೆ ಆಗಲೇ ಬಾಡಿಗೆ ಟ್ರ್ಯಾಕ್ಟರು. ಆದರೂ ಹಳ್ಳಿಕಾರ್ ಹೋರಿಗಳ ಹಲ್ಲು ಬಿಡಿಸಿ ನೋಡಿ, ಸುಳಿ ನೋಡಿ, ಟವೆಲ್ಲಿನ ಮರೆಯಲ್ಲಿ ಇನ್ಯಾರದೋ ವ್ಯಾಪಾರಕ್ಕೆ ಬೆರಳು ಹಿಡಿದು, ಮಾರನೆಯ ದಿನ ಧೂಳು ಮೆತ್ತಿಕೊಂಡು ಬರುತ್ತಿದ್ದರು. ಆ ವಾರ ಅವರಿಗೆ ಮಾತು ಜಾಸ್ತಿ. ಒಂದು ಜೋಡಿಯ ನಡೆಯನ್ನು ಊಟಕ್ಕೆ ಕೂತಾಗಲೂ ಬಣ್ಣಿಸುತ್ತಿದ್ದರು.

ಅಮ್ಮನ ಕಳ್ಳತನ ಇಷ್ಟು ದೊಡ್ಡದಲ್ಲ. ಬ್ಯಾರನ್ನಿನ ಹಿಂದಿನ ತುಂಡು ಜಾಗದಲ್ಲಿ ಅವರೆ, ಹುಚ್ಚೆಳ್ಳು, ಕುಂಬಳ. "ಇದ್ರಲ್ಲಿ ಏನು ಬತ್ತದೆ" ಎಂದು ಅಪ್ಪ ಪ್ರತಿ ವರ್ಷ ಗೊಣಗುವರು. ಏನೂ ಬರುತ್ತಿರಲಿಲ್ಲ, ತಿನ್ನುವುದಕ್ಕಾಗುತ್ತಿತ್ತು.

ಈಗ ಬೇಸಾಯ ತಮ್ಮನದು. ಅವನ ಚಟ ಪೌರಾಣಿಕ ನಾಟಕ. ನಮ್ಮ ಕಡೆ ಪಾತ್ರ ಬೇಕೆಂದರೆ ದುಡ್ಡು ಕೊಟ್ಟು ತಗೋಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ರೇಟು, ಹಾರ್ಮೋನಿಯಂ ಮೇಷ್ಟ್ರಿಗೆ, ಡ್ರೆಸ್ಸಿನವರಿಗೆ ಬೇರೆ. ಕಳೆದ ಆಗಸ್ಟಿನಲ್ಲಿ ಊರಿಗೆ ಹೋದಾಗ ರಾತ್ರಿ ಬ್ಯಾರನ್ನಿನ ಕಡೆಯಿಂದ ಹಾಡು ಕೇಳಿಸಿತು. ಒಲೆಯ ಬೆಳಕಿಗೆ ಪುಸ್ತಕ ಹಿಡಿದು ಕುರುಕ್ಷೇತ್ರದ ದುರ್ಯೋಧನನ ಮಾತು ಬಾಯಿಪಾಠ ಮಾಡುತ್ತಿದ್ದ. ನಡುನಡುವೆ ಎದ್ದು ಕಿಂಡಿಗೆ ಟಾರ್ಚು ಹಿಡಿದು, ಒಂದು ಸೌದೆ ದೂಡಿ, ಮತ್ತೆ ಸಭಾಪರ್ವದ ಗತ್ತಿನಲ್ಲೇ ಬಂದು ಕೂರುತ್ತಿದ್ದ. "ಅಮ್ಮಂಗೆ ಹೇಳ್ಬೇಡ, ಪಾರ್ಟ್ ದುಡ್ಡು ಇನ್ನೂ ಅರ್ಧ ಬಾಕಿ" ಅಂದ. ಮೊದಲ ಬೇಲು ಹರಾಜಾದ ಮೇಲೆ ಕೊಡುತ್ತಾನಂತೆ.