ಚಳಿಗಾಲಕ್ಕೆ ಮನೆ ಮತ್ತು ಗಾಡಿ: ಕೆಲವು ಮುನ್ನೆಚ್ಚರಿಕೆಗಳು



ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಗಾಲಕ್ಕೆಂದು ಸಿದ್ಧತೆ ಏಕೆ ಎಂದು ಕೇಳುವವರುಂಟು. ಆದರೆ ಧನುರ್ಮಾಸ ಬಂತೆಂದರೆ ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಹರಿಯುವ ಬಯಲಿನಲ್ಲಿ, ಬೆಳಗಿನ ಜಾವ ಮಂಜು ಕವಿಯುತ್ತದೆ. ಕಾಫಿ ಕೊಯ್ಲೂ ಅಡಿಕೆ ಒಣಗಿಸುವುದೂ ಇದೇ ಕಾಲಕ್ಕೆ. ರಾತ್ರಿ ಕಣದ ಕಾವಲು, ಹೊತ್ತು ಮೂಡುವ ಮುನ್ನ ಗಾಡಿ ಹೊರಡಿಸುವುದು ನಮಗೆ ತಪ್ಪಿದ್ದಲ್ಲ.

ಮನೆ: ಚಳಿಗೆ ಕಿಟಕಿ ಬಾಗಿಲು ಭದ್ರಪಡಿಸಿ, ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವ ರೂಢಿ ಹಲವೆಡೆ ಇದೆ. ಇದು ಪ್ರಾಣಕ್ಕೇ ಅಪಾಯ. ಹೊಗೆ ಇಲ್ಲದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಲವಾಗಿ ಇದನ್ನು ಹಿಡಿದುಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ದೊರೆಯದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಗುರುತುಗಳು. ನಿದ್ದೆಯಲ್ಲಿದ್ದವರಿಗೆ ಇವೂ ತಿಳಿಯುವುದಿಲ್ಲ.

ಆದುದರಿಂದ ಮಲಗುವ ಮುನ್ನ ಕೆಂಡವನ್ನು ಹೊರಗಿಟ್ಟು ಆರಿಸಬೇಕು. ಕಂಬಳಿ, ನೆಲಕ್ಕೆ ಹುಲ್ಲಿನ ಹಾಸು, ಗಾಳಿ ನುಗ್ಗುವ ಕಡೆಗೆ ಗೋಣಿ ಪರದೆ ಸಾಕು. ಮೇಲಿನ ಗವಾಕ್ಷಿ ಮಾತ್ರ ತೆರೆದಿರಲಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ. ಕೂಲಿಕಾರರ ಮನೆಗಳಿಗೂ ಕಾವಲಿನವರಿಗೂ ಸಾಕಷ್ಟು ಕಂಬಳಿ ಒದಗಿಸುವುದು ತೋಟದ ಯಜಮಾನರ ಹೊಣೆ. ಹೊದಿಕೆ ಕೊಡದೆ ಕೆಂಡ ಬೇಡವೆಂದರೆ ಯಾರೂ ಕೇಳುವುದಿಲ್ಲ.

ಗಾಡಿ: ಚಳಿಯಲ್ಲಿ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಯನ್ನು ತೆಗೆಸಿ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಟೈರಿನ ಗಾಳಿ, ವೈಪರ್, ದೀಪಗಳನ್ನು ಪರೀಕ್ಷಿಸಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿರುವುದೂ ಇದೇ ವಿಷಾನಿಲ. ಮೊದಲು ಬಾಗಿಲು ತೆಗೆಯಿರಿ, ಗಾಡಿಯನ್ನು ಹೊರಗೆ ತಂದು ನಿಲ್ಲಿಸಿ.

ಮಂಜಿನಲ್ಲಿ ದೀಪವನ್ನು ಡಿಮ್ಮಿನಲ್ಲಿಡಿ. ಪೂರ್ಣ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಮಂಡ್ಯ ಸೀಮೆಯ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳು ಹಿಂದೀಪವಿಲ್ಲದೆ ಸಾಗುವುದುಂಟು, ನಿಧಾನವಾಗಿ ಸಾಗಿ. ನಿಮ್ಮ ಟ್ರೇಲರ್, ಎತ್ತಿನ ಗಾಡಿಗಳ ಹಿಂದೆ ಕೆಂಪು ಹೊಳೆಯುವ ಪಟ್ಟಿ ತಪ್ಪದೆ ಅಂಟಿಸಿ.

ಕೆಂಡವಿಟ್ಟ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಾಳಿಗೆ ತಂದು, ಕೂಡಲೇ 108ಕ್ಕೆ ಫೋನ್ ಮಾಡಬೇಕು. ಈ ಮಾತನ್ನು ನಮ್ಮ ಸದಸ್ಯರು ತಮ್ಮ ಮನೆಯಲ್ಲೂ ತೋಟದ ಆಳುಗಳಿಗೂ ಇಂದೇ ತಿಳಿಸಬೇಕೆಂದು ಕೋರುತ್ತೇವೆ.